ನಮ್ಮಾಕಿ ಗುಡ್ಡ

ಮುದ್ದನಹಾಳದ ನೇಕಾರ ಓಣಿ ದಾಟಿದರೆ ಬೋಳು ಗುಡ್ಡವೊಂದು ಕಾಣುತ್ತದೆ. ನೆರಳಿಗೆ ಒಂದು ಬೇವಿನ ಮರವೂ ಇಲ್ಲ. ನಡುವೆ ಗೋರಿಗಳು, ನೆತ್ತಿಯ ಮೇಲೆ ಕ್ರೈಸ್ತರ ಹೆಂಚಿನ ದೇವಾಲಯ. ಬಸ್ಸಿನವರು 'ನಮ್ಮಾಕಿ ಗುಡ್ಡ' ಎಂದು ಕೂಗಿ ಜನರನ್ನು ಇಳಿಸುತ್ತಾರೆ. ಈ ಸೀಮೆಯಲ್ಲಿ ಗಂಡಸು ತನ್ನ ಹೆಂಡತಿಯನ್ನು ನಮ್ಮಾಕಿ ಅನ್ನುತ್ತಾನೆ. ಯಾರ ಹೆಂಡತಿಯ ಗುಡ್ಡ ಇದು ಎಂದು ಹೊಸಬರು ನಗುತ್ತಾರೆ. ನಗುವ ಮಾತಲ್ಲ ಅದು.

ಹಿಂದೆ ಒಮ್ಮೆ, ಬಿಳಿ ಪಾದ್ರಿಗಳ ಕಾಲದಲ್ಲಿ, ಓಣಿಯಲ್ಲಿ ಯೋಬಪ್ಪನೆಂಬ ನೇಕಾರನಿದ್ದ. ಹೆಂಡತಿ ಸಲೋಮವ್ವ. ಹಡಗಿನಲ್ಲಿ ಬಂದ ಪಿಯಾನೋ ಒಂದು ದೇವಾಲಯದಲ್ಲಿತ್ತು. ಪಾದ್ರಿಯ ಹೆಂಡತಿ ದೊರೆಸಾನಿ ಅದನ್ನು ನುಡಿಸಲು ಸಲೋಮವ್ವನಿಗೆ ಕಲಿಸಿದಳು. ವರ್ಷ ತುಂಬುವುದರೊಳಗೆ ಕಲಿಸಲು ದೊರೆಸಾನಿಯಲ್ಲಿ ಏನೂ ಉಳಿಯಲಿಲ್ಲ ಎನ್ನುತ್ತಾರೆ. ಸಲೋಮವ್ವ ಮಗ್ಗ ತುಳಿದ ಹೆಣ್ಣು. ಪಿಯಾನೋದ ಪೆಡಲನ್ನೂ ಹಾಗೆಯೇ ತುಳಿದಳು. ಎಡಗೈಯಲ್ಲಿ ಲಾಳಿ ಓಡುವ ಸದ್ದು, ಬಲಗೈಯಲ್ಲಿ ಬೀಸುವ ಪದದ ಧಾಟಿ. ತಾನೇ ಹಾಡು ಕಟ್ಟಿದಳು. ಒಂದಲ್ಲ, ಹಲವು. ದೂರದ ಊರುಗಳ ದೇವಾಲಯಗಳಿಗೂ ಅವು ಹಬ್ಬಿದವು. ಹಬ್ಬಿದ್ದು ಮಾತ್ರ ದೊರೆಸಾನಿಯ ಹೆಸರಿನಲ್ಲಿ.

"ನಿನಗ ಸಿಟ್ಟ ಬರೂದಿಲ್ಲೇನ?" ಎಂದು ಯೋಬಪ್ಪ ಕೇಳಿದ.

"ನನ್ನ ಪಾಲಿನ ಸಿಟ್ಟೂ ನೀವ ಮಾಡ್ತೀರಲ್ಲ. ರೊಟ್ಟಿ ಆರತಾವ, ಉಣ್ರಿ."

ಚಳಿಜ್ವರದಲ್ಲಿ ಆಕೆ ತೀರಿಹೋದಳು. ಮಣ್ಣು ಕೊಡುವ ದಿನ ಜನ ಆಕೆಯದೇ ಹಾಡು ಎತ್ತಿದರು. ಪಾದ್ರಿ ಕೈಯೆತ್ತಿ, "ನಮ್ಮ ದೊರೆಸಾನಿಯವರು ಕಟ್ಟಿದ ಹಾಡು. ಸತ್ತವಳಿಗೆ ದೊಡ್ಡ ಮರ್ಯಾದೆ" ಎಂದ. ದೊರೆಸಾನಿ ಅಲ್ಲೇ ನಿಂತಿದ್ದಳು. ಅಲ್ಲವೆನ್ನಲಿಲ್ಲ. ನೆಲ ನೋಡಿದಳು.

ಯೋಬಪ್ಪನ ಎದೆ ಕಾದ ಹಂಚಾಯಿತು. ಕುಣಿಗೆ ಹಾಕಬೇಕಿದ್ದ ಹಿಡಿ ಮಣ್ಣನ್ನು ಪಾದ್ರಿಯ ಬಿಳಿ ಅಂಗಿಗೆ ಎಸೆದ.

"ಕುಣಿ ಮುಂದ ನಿಂತು ಸುಳ್ಳ ಹೇಳಬ್ಯಾಡ ಅಯ್ಯಾ! ಹಾಡ ಆಕೀದು!"

"ಯಾರದು? ಹೆಸರು ಹೇಳು," ಎಂದ ಪಾದ್ರಿ.

ನಾಲ್ಕು ಜನರ ಮುಂದೆ ಹೆಂಡತಿಯ ಹೆಸರು ಹಿಡಿಯುವುದು ಆ ಓಣಿಯಲ್ಲಿ ನಾಚಿಕೆಗೇಡು. ಯೋಬಪ್ಪ ಒಮ್ಮೆಯೂ ಹಿಡಿದವನಲ್ಲ. ನಾಲಿಗೆಯ ತುದಿಗೆ ಬಂದದ್ದು ಅಲ್ಲೇ ನಿಂತಿತು. ತನ್ನ ಬಾಯಿಗೆ ತಾನೇ ಹೊಡೆದುಕೊಂಡ.

"ನಮ್ಮಾಕೀದು! ನಮ್ಮಾಕೀದು!"

ಗುಡ್ಡ ಅದನ್ನೇ ತಿರುಗಿ ಹೇಳಿತು ಎನ್ನುತ್ತಾರೆ.

ಮುಂದಿನ ಭಾನುವಾರ ಪಾದ್ರಿ ಆ ಹಾಡು ಎತ್ತಿಸಿದಾಗ ಓಣಿಯವರು ತುಟಿ ಬಿಚ್ಚಲಿಲ್ಲ. "ಯಾರ ಹಾಡ್ರಿ ಅಯ್ಯಾರ?" ಎಂದು ಮುದುಕಿಯೊಬ್ಬಳು ಕೇಳಿದಳು. ಪಾದ್ರಿ ಹಾಡಿನ ಪುಸ್ತಕದ ಹಾಳೆ ತಿರುವಿದ. "ನಮ್ಮಾಕೀದು," ಎಂದು ಅವಳೇ ಹೇಳಿ ಹಾಡಿದಳು. ಆಮೇಲೆ ಎಲ್ಲರೂ ಹಾಗೆ ಹೇಳಿಯೇ ಹಾಡಿದರು. ಹಾಡಿಗೆ ಬಂದ ಹೆಸರು ಗುಡ್ಡಕ್ಕೂ ಬಂತು. ಸಲೋಮವ್ವ ಎಂಬ ಹೆಸರು ಬರಲಿಲ್ಲ.

ದೇವಾಲಯದ ಗೋಡೆಯ ಹಾಲುಗಲ್ಲಿನ ಫಲಕದಲ್ಲಿ ಹಾಡು ಕಟ್ಟಿದವಳೆಂದು ಈಗಲೂ ದೊರೆಸಾನಿಯ ಹೆಸರಿದೆ. ಯಾರೂ ಒಡೆದಿಲ್ಲ. ಒಡೆಯಬೇಕಿತ್ತು. ಗುಡ್ಡ ಹತ್ತಿ ಬಂದ ಹೆಂಗಸರು ಆಕೆಯ ಗೋರಿಯ ಮುಂದೆ ನಿಂತು "ಸಲೋಮವ್ವಾ" ಎಂದು ಗಟ್ಟಿಯಾಗಿ ಕರೆಯುತ್ತಾರೆ. ಆಮೇಲೆ ತಮ್ಮ ತಮ್ಮ ಗಂಡಂದಿರ ಕಡೆ ತಿರುಗುತ್ತಾರೆ. "ನನ್ನ ಹೆಸರರ ಒಮ್ಮೆ ಹಿಡೀರಿ, ನೋಡೂಣು." ಹೆಚ್ಚಿನವರು ಕೆಮ್ಮುತ್ತಾರೆ. ಕೆಲವರಷ್ಟೇ, ಹೆಂಡತಿ ಬದುಕಿರುವಾಗಲೇ, ಹೆಸರು ಹಿಡಿಯುತ್ತಾರೆ.