ಕಂಚುಗಾರಕೇರಿಯ ತೊಟ್ಟಿಲು

ಹುಲಿಗೊಂಡಿಯ ದೊರೆ ಕೆಂಚವೀರ ನಾಯಕನಿಗೆ ಹಳೆಯ ಸಾಮಾನಿನ ಹುಚ್ಚು ಹಿಡಿದದ್ದು ಪಕ್ಕದ ಸೀಮೆಯ ದೊರೆಯ ಮನೆಗೆ ಊಟಕ್ಕೆ ಹೋಗಿ ಬಂದ ಮೇಲೆ. ಅಲ್ಲಿ ಗೋಡೆಗೊಂದು ಹಳೆಯ ಗುರಾಣಿ, ಮೂಲೆಗೊಂದು ಹಳೆಯ ಹಂಡೆ. ನೋಡಿದ ಹೊಟ್ಟೆಕಿಚ್ಚಿಗೆ ನಾಯಕನಿಗೆ ತಿಂದ ಹೋಳಿಗೆ ಜೀರ್ಣವಾಗಲಿಲ್ಲ.

"ನಮ್ಮದೂ ತಾತನ ಕಾಲದ ಅರಮನೆಯೇ! ಇದೇ ಶನಿವಾರ ಅವನು ಇಲ್ಲಿಗೆ ಊಟಕ್ಕೆ ಬರುತ್ತಾನೆ. ಅವನಲ್ಲಿ ಬೀಗಕ್ಕೆ ಕೀಲಿಯಿಲ್ಲ, ಒರಳಿಗೆ ಒನಕೆಯಿಲ್ಲ. ನನ್ನ ಮನೆಯಲ್ಲಿ ಅರೆಬರೆ ಸಾಮಾನು ಒಂದೂ ಇರಕೂಡದು!" ಎಂದು ಸಭೆಯಲ್ಲಿ ಗುಡುಗಿದ.

ಆಳುಗಳು ಬೀದಿಬೀದಿ ಸುತ್ತಿ ಗುರಾಣಿ, ಹಂಡೆಗಳನ್ನು ಹೊತ್ತು ತಂದರು. ಜನರೇನು ಕಡಿಮೆಯೇ? ಒಬ್ಬ ತನ್ನ ಎಮ್ಮೆ ಕಲಗಚ್ಚು ಕುಡಿಯುತ್ತಿದ್ದ ಮರದ ಬಾನಿಯನ್ನು ಮುತ್ತಾತನ ಕಾಲದ್ದೆಂದು ಹೇಳಿ ಸಾಗಹಾಕಿದ. ದೊರೆ ಅದರಲ್ಲಿ ಕಮಲದ ಹೂ ತೇಲಿಬಿಟ್ಟು, ಬಂದುಹೋದವರಿಗೆಲ್ಲ ತೋರಿಸಿ ಬೀಗಿದ.

ಅಲ್ಲಿಯವರೆಗೆ ನಗುವ ಮಾತಾಗಿತ್ತು. ಆದರೆ ಆಳುಗಳು ಕಂಚುಗಾರಕೇರಿಯ ತೊಟ್ಟಿಲನ್ನೂ ಹೊತ್ತುಕೊಂಡು ಹೋದರು. ಕೇಳಲಿಲ್ಲ, ಕೊಳ್ಳಲಿಲ್ಲ, ಎತ್ತಿಕೊಂಡು ನಡೆದರು ಅಷ್ಟೇ.

ಕೇರಿಯ ಹಿರಿಯಳು ಹೊಂಬಾಳಮ್ಮ ಅಳುತ್ತ ಆಸ್ಥಾನದ ವಿದೂಷಕ ಗುಜ್ಜಪ್ಪನ ಮನೆಗೆ ಬಂದಳು. ಗುಜ್ಜಪ್ಪ ಆಳು ಕುಳ್ಳ, ನಾಲಗೆ ಮಾತ್ರ ಉದ್ದ. ದೊರೆಯ ಎದುರು ಬಾಯಿ ಬಿಚ್ಚುವ ಧೈರ್ಯ ಊರಲ್ಲಿ ಅವನೊಬ್ಬನಿಗೇ ಇತ್ತು.

"ಅದು ಒಬ್ಬರ ಸೊತ್ತಲ್ಲ ಕಣಪ್ಪ, ಕೇರಿದು. ಯಾರ ಮನೇಲಿ ಕೂಸು ಹುಟ್ಟಿದ್ರೆ ಅವರ ಮನೆಗೆ ಹೋಗುತ್ತೆ. ಅದರಲ್ಲಿ ಹಾಕ್ದೆ ನಮ್ಮ ಕೇರೀಲಿ ಯಾವ ಕೂಸಿಗೂ ಹೆಸರು ಕರೆದಿಲ್ಲ. ನನ್ನ ಸೊಸೆ ಪುಟ್ಟೀರಿ ಎಷ್ಟು ವರ್ಷ ಕಾದು ಹೆತ್ತಿದಾಳೆ ನಿನಗೇ ಗೊತ್ತು. ನಾಳೆ ಶುಕ್ರವಾರ ನಾಮಕರಣ. ಆ ಹುಡುಗಿ ಮೂಲೆ ಹಿಡಿದು ಕೂತವಳೆ."

"ಅಳಬೇಡ ಅವ್ವ. ಗುಗ್ಗರಿಗೆ ಕಡಲೆ ನೆನೆಹಾಕು, ಕೇರಿಯವರಿಗೆಲ್ಲ ಹೇಳು. ಜಾಗ ಮಾತ್ರ ನಾನು ಹೇಳಿದ್ದು," ಎಂದ ಗುಜ್ಜಪ್ಪ.

ಅರಮನೆಗೆ ಹೋದರೆ ತೊಟ್ಟಿಲು ನಡುಮನೆಯಲ್ಲಿ ತೂಗುತ್ತಿದೆ, ದೊರೆ ಒಂದು ಬೆರಳಿನಿಂದ ನೂಕುತ್ತ ನಿಂತಿದ್ದಾನೆ.

"ಹೇಗಿದೆ ಗುಜ್ಜಪ್ಪ?"

"ಪ್ರಭು, ಕೈ ತೆಗೆಯಿರಿ! ಬರಿಯ ತೊಟ್ಟಿಲು ತೂಗುವುದು ಅಪಶಕುನವಲ್ಲವೇ? ನಿಮ್ಮ ತಾಯಿಯವರು ಕಂಡರೆ ನಿಮಗೆ ಊಟ ಹಾಕಿಸುವುದಿಲ್ಲ."

ದೊರೆ ಬೆಂಕಿ ಮುಟ್ಟಿದವನಂತೆ ಕೈ ಎಳೆದುಕೊಂಡ. "ಅಯ್ಯೋ, ಹೌದಲ್ಲ! ಆದರೆ ಶನಿವಾರ ಅವನೆದುರು ತೂಗಿ ತೋರಿಸಬೇಕಲ್ಲೋ?"

"ತೋರಿಸಬಹುದು. ಆದರೆ ಇದು ಅರೆಬರೆ ಸಾಮಾನು. ಜೊತೆಯವೆಲ್ಲ ಕೇರಿಯಲ್ಲೇ ಉಳಿದಿವೆ."

"ಅರೆಬರೆಯೇ! ಎಲ್ಲವನ್ನೂ ತರಿಸು. ಒಂದನ್ನೂ ಬಿಡಬೇಡ."

"ಅಪ್ಪಣೆ," ಎಂದು ಗುಜ್ಜಪ್ಪ ಕೈಮುಗಿದ.

ಶುಕ್ರವಾರ ಬೆಳಿಗ್ಗೆ ವಾಲಗ ಊದಿಸಿಕೊಂಡು ಕಂಚುಗಾರಕೇರಿಗೆ ಕೇರಿಯೇ ಅರಮನೆಯೊಳಗೆ ನುಗ್ಗಿತು. ಮುಂದೆ ಕೂಸಿನ ಕುಲಾವಿ ತೊಡಿಸಿದ ಗುಂಡುಕಲ್ಲು ಹಿಡಿದ ಮುತ್ತೈದೆ, ಹಿಂದೆ ಕೂಸನ್ನೆತ್ತಿಕೊಂಡ ಪುಟ್ಟೀರಿ, ಅವಳ ಹಿಂದೆ ಗುಗ್ಗರಿಯ ಕೊಪ್ಪರಿಗೆ. ಪದ್ಧತಿಯಂತೆ ಮೊದಲು ಗುಂಡುಕಲ್ಲನ್ನು ತೊಟ್ಟಿಲಲ್ಲಿ ಮಲಗಿಸಿ ತೂಗಿದರು, ಆಮೇಲೆ ಕೂಸನ್ನು. ಸೋದರತ್ತೆ ಕಿವಿಯಲ್ಲಿ ಹೆಸರು ಕರೆದಳು. ಪುಟ್ಟೀರಿಯ ಮುಖ ಅರಳಿತು, ನೋಡಿದವರ ಕಣ್ಣು ತುಂಬಿತು.

"ಗುಜ್ಜಪ್ಪ, ಏನೋ ಇದು?" ದೊರೆ ಬೆಪ್ಪಾಗಿ ನಿಂತ.

"ಜೊತೆಯ ಸಾಮಾನು, ಪ್ರಭು. ತೊಟ್ಟಿಲಿಗೆ ಕೂಸು, ಕೂಸಿಗೆ ತಾಯಿ, ತಾಯಿಗೆ ಅತ್ತೆ. ಯಾರನ್ನು ಬಿಟ್ಟರೂ ಅರೆಬರೆಯೇ."

ಹೊಂಬಾಳಮ್ಮ ಸೆರಗು ಬಿಗಿದು ಮನೆ ಸುಧಾರಿಸತೊಡಗಿದಳು. ಮೂಲೆಯಲ್ಲಿ ಚೆಂದಕ್ಕಿಟ್ಟಿದ್ದ ಹಂಡೆ ಒಲೆ ಏರಿತು, ಕೂಸಿನ ಎಣ್ಣೆನೀರಿಗೆ. ಗೋಡೆಯ ಗುರಾಣಿಗಳ ಮೇಲೆ ಕೂಸಿನ ಒದ್ದೆಬಟ್ಟೆಗಳು ಒಣಗತೊಡಗಿದವು. ಹೆಂಗಸರು ಗುಗ್ಗರಿ ತಿನ್ನಲು ಕುಳಿತಾಗ ಹೊಂಬಾಳಮ್ಮ ತೊಟ್ಟಿಲ ಹಗ್ಗವನ್ನು ದೊರೆಯ ಕೈಗೇ ಕೊಟ್ಟಳು.

"ಒಸಿ ತೂಗ್ತಿರಿ ಬುದ್ಧಿ. ನಿಲ್ಸುದ್ರೆ ಎದ್ದುಬಿಡ್ತದೆ."

ನಿಜವೇ. ದೊರೆ ಕೈ ನಿಲ್ಲಿಸಿದರೆ ಕೂಸು ಕಿರೋ ಎನ್ನುತ್ತಿತ್ತು. ತೂಗಿ ತೂಗಿ ಅವನ ರಟ್ಟೆ ಬಿದ್ದುಹೋಯಿತು.

"ಇದು ಎಲ್ಲಿಯವರೆಗೆ ಗುಜ್ಜಪ್ಪ?"

"ಈ ಕೂಸು ಅಂಬೆಗಾಲಿಡುವವರೆಗೆ. ಅಷ್ಟರಲ್ಲಿ ಪಕ್ಕದ ಮನೆಯ ಸೊಸೆಗೆ ದಿನ ತುಂಬುತ್ತದೆ. ಅವರ ಅತ್ತೆ ಇವರಿಗಿಂತ ಜೋರು."

ದೊರೆ ತೊಟ್ಟಿಲ ಅಂಚು ಸವರಿದ. ಎಷ್ಟೋ ತಾಯಂದಿರ ಕೈ ತಾಗಿ ಅದು ನುಣುಪಾಗಿತ್ತು. "ನೂರು ವರ್ಷದ ಮರ, ಒಂದು ಗೆದ್ದಲಿನ ಗುರುತಿಲ್ಲವಲ್ಲ!"

"ಕೂಸುಗಳು ಜಾಗ ಬಿಟ್ಟರಲ್ಲವೇ ಪ್ರಭು, ಗೆದ್ದಲು ಬಂದು ಮಲಗುವುದು?"

ನಿದ್ದೆಯಲ್ಲೇ ನಗುತ್ತಿದ್ದ ಕೂಸನ್ನು ನೋಡಿ ದೊರೆಗೆ ನಿಜಕ್ಕೂ ನಾಚಿಕೆಯಾಯಿತು. "ತಾಯೀ, ತಪ್ಪಾಯಿತು. ತೊಟ್ಟಿಲು ನಿಮ್ಮದೇ, ತೆಗೆದುಕೊಂಡು ಹೋಗಿ. ನನ್ನ ಪಲ್ಲಕ್ಕಿಯಲ್ಲೇ ಹೋಗಲಿ," ಎಂದ. ಮರುಗಳಿಗೆಗೇ ಮುಖ ಸಣ್ಣದಾಯಿತು. "ನಾಳೆ ಆ ಮಹಾರಾಯ ಬರುತ್ತಾನಲ್ಲೋ! ನಡುಮನೆಯಲ್ಲಿ ಬರಿಯ ಸರಪಳಿ ನೇತಾಡುತ್ತಿರುತ್ತದೆ. ಇಲ್ಲಿ ಏನಿತ್ತು ಎಂದು ಕೇಳಿದರೆ ಏನು ಹೇಳಲಿ?"

"ನೂರು ವರ್ಷದ ತೊಟ್ಟಿಲು ಎನ್ನಿ."

"ಎಲ್ಲಿ ಎಂದರೆ?"

"ಕೆಲಸಕ್ಕೆ ಹೋಗಿದೆ ಎನ್ನಿ, ಪ್ರಭು. ಅವರ ಮನೆಯ ಮುದಿ ಸಾಮಾನುಗಳಲ್ಲಿ ಒಂದಾದರೂ ಕೆಲಸಕ್ಕೆ ಹೋಗುತ್ತದೆಯೇ, ನೀವೇ ಕೇಳಿ."

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ. ನಗೆಯ ಸದ್ದಿಗೆ ಕೂಸು ಎದ್ದು ಕಿರುಚಿತು. ಯಾರೂ ಹೇಳುವ ಮೊದಲೇ ದೊರೆ ಹಗ್ಗ ಹಿಡಿದ.