ಹುಡುಕಾಸುರನ ಕತ್ತಲಕೋಣೆಗೆ ಬಂದ ದಾರಿ

“ಕೇಳ್ರಪ್ಪೋ ಕೇಳಿ! ಹುಡುಕಾಸುರನ ಮೂರು ಒಗಟು ಬಿಡಿಸಿದವರ ಮನೆಗೆ ಹುಡುಕಾಟದ ಮೊದಲ ಪುಟದಲ್ಲಿ ಮೊದಲ ಜಾಗ, ಜೊತೆಗೆ ಕೇಳಿದ್ದೊಂದು ವರ. ತಪ್ಪಿದವರಿಗೆ ಕತ್ತಲಕೋಣೆ!” ಎಂದು ಜಾಲಲೋಕದಲ್ಲಿ ಡಂಗುರ ಸಾರಿದರು.

ಆ ಲೋಕದಲ್ಲಿ ಒಂದೊಂದು ವೆಬ್‌ಸೈಟೂ ಒಂದೊಂದು ಮನೆ. ಮನೆಯಿಂದ ಮನೆಗೆ ಹಾಕಿದ ಲಿಂಕೇ ದಾರಿ. ಜನ ಏನೇ ಹುಡುಕಲಿ, ಹುಡುಕಾಸುರ ಬೆರಳು ತೋರಿದ ಮನೆಗೇ ಹೋಗುವರು. ಅವನು ತೋರದ ಮನೆ ಇದ್ದೂ ಇಲ್ಲದಂತೆ. ಕಂಬಳಿ ನೇಯುವ ಮೈಲಾರಿಯದೂ ಅಂಥದೇ ಮನೆ. ಹೊಸ ಕಂಬಳಿ ಚುಚ್ಚುವುದು ಹುಣಸೆಬೀಜದ ಗಂಜಿಯಿಂದ, ಅದನ್ನು ನೆನೆಸಿ ತುಳಿದು ಮೆದು ಮಾಡುವುದು ಹೀಗೆ ಎಂದು ಅವನು ಒಂದು ಮೂಲೆಯಲ್ಲಿ ಬರೆದಿಟ್ಟಿದ್ದ. “ಪುಕ್ಕಟೆ ಪಾಠ ಯಾಕೋ?” ಎಂದು ಅಕ್ಕ ನೀಲವ್ವ ಬೈದಿದ್ದಳು. ಗಿರಾಕಿ ಬರಲೆಂದು ಅವಳು ಸಂತೆಯಿಂದ ಕಂತೆಗಟ್ಟಲೆ ದಾರಿ ಕೊಂಡು ತಂದು ಮನೆಗೆ ಜೋಡಿಸಿದಳು. ಎಲ್ಲವೂ ಪಾಳುಮನೆಗಳಿಂದ ಹೊರಟ ದಾರಿಗಳು. ಹುಡುಕಾಸುರನಿಗೆ ವಾಸನೆ ಹತ್ತಿತು. ಮನೆಯ ಸಮೇತ ಅವಳನ್ನು ಕತ್ತಲಕೋಣೆಗೆ ತಳ್ಳಿದ. ಮೈಲಾರಿ ಒಗಟು ಬಿಡಿಸಲು ಬಂದದ್ದು ಅಕ್ಕನಿಗಾಗಿ, ಮೊದಲ ಜಾಗಕ್ಕಲ್ಲ.

ಅವನು ಅಸುರನ ಸಭೆಗೆ ಕಾಲಿಟ್ಟದ್ದೇ ತಡ, ಬಾಗಿಲು ಮುಚ್ಚಿಕೊಂಡಿತು. ಒಳಗೆ ಉರಿಯುವ ಪಂಜುಗಳು. ಒಂದು ಕಿಟಕಿಯೂ ಇಲ್ಲ.

“ನಿನ್ನ ಮನೆಗೆ ಬೇಕೇ ಬೇಕು, ಆದರೆ ನೀನೇ ಮಾಡಿಕೊಳ್ಳುವಂತಿಲ್ಲ. ಏನದು?” ಅಸುರ ಕೇಳಿದ.

“ಬಾಗಿಲಿಗೆ ಬಂಗಾರದ ಬೋರ್ಡು!” ಎಂದ, ಒಗಟು ಬಿಡಿಸಲು ಬಂದಿದ್ದ ಅತ್ತರಿನ ವ್ಯಾಪಾರಿ ಚಂದಪ್ಪ. ನೆಲ ಬಾಯಿ ತೆರೆದು ಅವನನ್ನು ಕೆಳಗಿನ ಕತ್ತಲಕೋಣೆಗೆ ಎಳೆದುಕೊಂಡಿತು.

ಮೈಲಾರಿ ಕೈಮುಗಿದ. “ಒಡೆಯಾ, ಬೇರೆಯವರು ಅವರ ಮನೆಯಿಂದ ನಮ್ಮನೆಗೆ ಹಾಕೋ ದಾರಿ. ನಮ್ಮ ಬೆನ್ನು ನಾವೇ ತಟ್ಕೊಂಡ್ರೆ ಯಾರು ನಂಬ್ತಾರೆ?”

“ಸರಿ. ನೂರಿದ್ದರೂ ಒಬ್ಬನೂ ನಡೆಯದ ದಾರಿ, ಒಂದೇ ಇದ್ದರೂ ಊರೇ ನಡೆಯುವ ದಾರಿ. ವ್ಯತ್ಯಾಸ ಎಲ್ಲಿದೆ?”

ಬಳೆ ವ್ಯಾಪಾರಿ ಗುರುಬಸಪ್ಪ ಮುಂದೆ ನುಗ್ಗಿದ. “ಒಗ್ಗಟ್ಟಿನಲ್ಲಿ! ನಾವು ಬಳೆಯವರೆಲ್ಲ ಒಬ್ಬರ ಮನೆಗೊಬ್ಬರು ದಾರಿ ಹಾಕ್ಕೊಂಡಿದೀವಿ.”

“ಸುತ್ತಿ ಸುತ್ತಿ ನಿಮ್ಮ ಅಂಗಳಕ್ಕೇ ಬರುವ ದಾರಿಗೆ ಹೊಸಬ ಯಾರು ಬಂದಾನು?” ಎಂದು ಅಸುರ ನಕ್ಕ. ಗುರುಬಸಪ್ಪನೂ ನೆಲದ ಪಾಲಾದ.

“ದಾರಿ ಎಷ್ಟು ಅನ್ನೋದ್ರಲ್ಲಿ ಇಲ್ಲ, ಯಾರ ಮನೆಯಿಂದ ಅನ್ನೋದ್ರಲ್ಲಿ ಐತೆ” ಎಂದ ಮೈಲಾರಿ. “ಜನ ನಂಬೋರು ಒಬ್ರು ತೋರಿಸಿದ್ರೆ ಸಾಕು. ನಮ್ಮಕ್ಕ ಎಡವಿದ್ದು ಅಲ್ಲೇ.”

ಅಸುರ ಎದ್ದು ನಿಂತ. “ಕೊಟ್ಟವನು ಮರೆತ, ಪಡೆದವನು ಮರೆಯಲಿಲ್ಲ. ಅದರಿಂದ ಹುಟ್ಟಿದ್ದೇನು? ಬಾಯಲ್ಲಿ ಹೇಳಿದರೆ ಸಾಲದು, ತೋರಿಸು. ಇಲ್ಲದಿದ್ದರೆ ಅಕ್ಕನ ಪಕ್ಕ ನೀನು.”

ಯಾರೂ ಬಾರದ ಮನೆ ತನ್ನದು, ಏನಂತ ತೋರಿಸುವುದು? ಕಾಲಡಿಯ ನೆಲ ಕಿರ್ರೆಂದಿತು. ಅಕ್ಕನನ್ನು ಬಿಡಿಸಲು ಬಂದವನು ತಾನೂ ಸಿಕ್ಕಿಬಿದ್ದೆನಲ್ಲ ಎಂದು ಮೈಲಾರಿಯ ಕಣ್ಣು ತುಂಬಿತು.

ಆಗ ಕೆಳಗಿನಿಂದ ನೀಲವ್ವನ ಕೂಗು ಕೇಳಿತು. “ತಮ್ಮಾ! ಈ ಕತ್ತಲಲ್ಲಿ ನಮ್ಮನೆಗೆ ಒಂದು ಬೆಳಕಿನ ಎಳೆ ಬಂದೈತೆ ಕಣೋ! ಯಾರೋ ಸೂಲಗಿತ್ತಿ ಹೊನ್ನೂರಮ್ಮ ಹಾಕಿದ ದಾರಿ. ‘ಹಸುಗೂಸಿಗೆ ಕಂಬಳಿ ಹೊದಿಸೋ ಮುಂಚೆ ಈ ಮನೆಯಲ್ಲಿ ಓದಿ’ ಅಂತ ಬರೆದವ್ಳೆ!”

ಪಂಜುಗಳ ಝಗಮಗದಲ್ಲಿ ಯಾರಿಗೂ ಕಾಣದ ಎಳೆ ಅದು. ಮೈಲಾರಿ ನೆಲಕ್ಕೆ ಬೆರಳು ತೋರಿ, “ಅದೇ ಒಡೆಯಾ, ಕೇಳದೆ ಬಂದ ದಾರಿ. ನಾನು ಪಾಠ ಬರೆದು ಮರ್ತಿದ್ದೆ, ಓದಿದೋಳು ಮರೀಲಿಲ್ಲ” ಎಂದ.

“ಕೊಂಡ ದಾರಿಯನ್ನು ಕಡಿಯುತ್ತೇನೆ, ಸುತ್ತುದಾರಿಯನ್ನು ಮುಚ್ಚುತ್ತೇನೆ. ಇದನ್ನು ಮಾತ್ರ ನಾನೂ ತಡೆಯಲಾರೆ” ಎಂದು ಅಸುರ ಮೊದಲ ಬಾರಿಗೆ ತಲೆ ಬಾಗಿಸಿದ. “ಮೊದಲ ಜಾಗ ನಿನ್ನದು. ವರ ಕೇಳು.”

“ಅಕ್ಕ.”

ಕತ್ತಲಕೋಣೆಯ ಗೋಡೆ ಆ ಎಳೆಯ ಉದ್ದಕ್ಕೂ ಸೀಳಿತು. ನೀಲವ್ವ ಹೊರಬಂದು ತಮ್ಮನ ಕೈಹಿಡಿದು ಬೆಳಕಿನ ಮೇಲೆ ಹೆಜ್ಜೆಯಿಟ್ಟಳು. ಅವರ ಹಿಂದೆಯೇ ಗೋಡೆ ಕೂಡಿಕೊಂಡಿತು. ಒಳಗೆ ಚಂದಪ್ಪ, ಗುರುಬಸಪ್ಪ ಬಡಿಯುತ್ತಲೇ ಇದ್ದರು.

“ಯಾರೋ ಈ ಹೊನ್ನೂರಮ್ಮ?”

“ಗೊತ್ತಿಲ್ಲಕ್ಕ.”

“ಪುಕ್ಕಟೆ ಪಾಠ ಯಾಕೆ ಅಂದಿದ್ನಲ್ಲೋ ನಿಂಗೆ...” ಎಂದು ನೀಲವ್ವ ಬಿಕ್ಕಿ ಬಿಕ್ಕಿ ಅತ್ತಳು.

ಅವರು ಹೊನ್ನೂರಮ್ಮನ ಬಾಗಿಲು ಸೇರಿದರು, ನಾವು ಕತೆಯಿಂದ ಹೊರಬಿದ್ದೆವು.