ಒಂದು ತಾಸಿನ ತಿದಿ

ವೈಜಯಂತಿ ದಾರಿ ತಪ್ಪಿ ಹೊಳೆದಂಡೆಗೆ ಬಂದು ನಿಂತಾಗ, ಬೇವಿನ ಮರದಡಿ ಒಬ್ಬ ಮುದುಕ ಹಾರ್ಮೋನಿಯಂನ ಮುಚ್ಚಳ ತೆಗೆದು ಅದರೊಳಗೆ ಇಣುಕುತ್ತಾ ಕೂತಿದ್ದ.

ಅವಳು ಹದಿನಾಲ್ಕು ದೇಶ ಸುತ್ತಿದವಳು. ಹದಿನಾಲ್ಕರಲ್ಲೂ ದಾರಿ ತಪ್ಪಿದ್ದಳು. ಕೇಳಲು ಸಂಕೋಚವೇನೂ ಇರಲಿಲ್ಲ.

“ಅಜ್ಜಾ, ಹಾರ್ಮೋನಿಯಂ ಪೇಟಿ ರಿಪೇರಿ ಮಾಡೋ ದಸ್ತಗೀರ ಉಸ್ತಾದರ ಮನೆ ಎಲ್ಲಿ?”

“ಹೇಳ್ತೀನಿ. ಮೊದಲ ಇಲ್ಲಿ ಕೂತು ಒಂದ ತಾಸು ಈ ಪೇಟಿ ತಿದಿ ಒತ್ತು. ಸ್ವರ ಕೂಡಸಬೇಕು. ನನಗ ಇರೂದು ಎರಡ ಕೈ.”

ತನಗೆ ಪುರುಸೊತ್ತಿಲ್ಲ, ವಾಪಸ್ ಹೋಗುವಾಗ ಖಂಡಿತ ಒತ್ತಿಕೊಡುತ್ತೇನೆ ಎಂದು ಅವಳು ಮಾತು ಕೊಟ್ಟಳು. ಮುದುಕ ಗದ್ದದಿಂದಲೇ ಒಂದು ಓಣಿ ತೋರಿಸಿದ.

ಓಣಿಯ ಕೊನೆಗೆ ಮನೆ ಸಿಕ್ಕಿತು. ಬಾಗಿಲಿಗೆ ಬೀಗ. ಉಸ್ತಾದರು ಬೆಳಗಿನಿಂದ ಬೇವಿನ ಮರದಡಿಯೇ ಇದ್ದಾರೆ, ಬರುವಾಗ ಕಾಣಲಿಲ್ಲವೇ ಎಂದು ಪಕ್ಕದ ಮನೆಯಾಕೆ ಕೇಳಿದಳು.

ವೈಜಯಂತಿ ಮರದಡಿಗೆ ಮರಳಿದಳು.

“ನಾನೇ ಅಂತ ಹೇಳಬಹುದಿತ್ತಲ್ಲ, ಉಸ್ತಾದರೇ.”

“ನೀ ಮನಿ ಕೇಳಿದಿ. ಮನಿ ತೋರಿಸಿದೆ.”

ಅವಳು ಚೀಲದಿಂದ ಟಿಫಿನ್ ಡಬ್ಬಿ ಗಾತ್ರದ ಒಂದು ಯಂತ್ರ ತೆಗೆದಿಟ್ಟಳು. ತಾವಾಗಿ ಸರಿಯಾಗಿ ಉಸಿರಾಡಲಾಗದವರಿಗೆ ಉಸಿರು ಕೊಡುವ ವೆಂಟಿಲೇಟರ್, ಆಂಬುಲೆನ್ಸಿನಲ್ಲಿ ಒಯ್ಯುವಂಥದ್ದು. ಈಗ ಹಳ್ಳಿಯಿಂದ ದೊಡ್ಡಾಸ್ಪತ್ರೆ ಮುಟ್ಟುವವರೆಗೂ ಯಾರೋ ಒಬ್ಬರು ರಬ್ಬರಿನ ಚೀಲ ಹಿಚುಕುತ್ತಾ ಕೂರುತ್ತಾರೆ. ರಸ್ತೆಯ ಗುಂಡಿಗೆ ಕೈ ಜಾರಿದರೆ ಉಸಿರೂ ಜಾರಿತು. ಅವಳೇ ಮಾಡಿದ ಈ ಯಂತ್ರ ಗಾಳಿ ಸೋರುತ್ತದೆಂದು ಎರಡು ತಪಾಸಣೆಯಲ್ಲಿ ಫೇಲಾಗಿತ್ತು. ಮೂರನೆಯದು ಗುರುವಾರ, ಅಂದರೆ ನಾಡಿದ್ದು. ಅದರಲ್ಲೂ ಫೇಲಾದರೆ ಯಂತ್ರ ಗೋದಾಮಿಗೆ, ಆಂಬುಲೆನ್ಸಿಗೆ ಮತ್ತೆ ಅದೇ ರಬ್ಬರಿನ ಚೀಲ.

ಸೋರಿಕೆ ಹುಡುಕಲು ಉಸ್ತಾದರ ಹತ್ತಿರ ಹೋಗಿ ಎಂದದ್ದು ಆಸ್ಪತ್ರೆಯ ಹಿರಿಯ ನರ್ಸು. ಆಕೆಯ ಭಜನಾ ಮಂಡಳಿಯ ಪೇಟಿ ಇವರ ಕೈಯಲ್ಲೇ ಎರಡು ಸಲ ಬದುಕಿತ್ತು.

ಉಸ್ತಾದರು ಯಂತ್ರ ಓಡಿಸಲು ಹೇಳಿದರು. ಕಣ್ಣು ಮುಚ್ಚಿ, ಮೇಲ್ತುಟಿ ಒದ್ದೆ ಮಾಡಿಕೊಂಡು, ಮಾವಿನಹಣ್ಣು ಮೂಸಿ ನೋಡುವವರ ಹಾಗೆ ಮಾಸ್ಕಿಗೆ ಹೋಗುವ ನಳಿಗೆಯನ್ನು ಮೂಗಿನಡಿ ನಿಧಾನ ಸರಿಸಿದರು.

“ಇಲ್ಲೊಂದು. ಇಲ್ಲೊಂದು. ಮಾಸ್ಕಿನ ಬಾಜೂಕ ಈ ರಬ್ಬರಿನ ರೆಪ್ಪಿ ಅದಲಾ, ಇಲ್ಲೊಂದು.”

ಆರು ತಿಂಗಳಿಂದ ಮೀಟರುಗಳಿಗೆ ಸಿಗದಿದ್ದದ್ದು ತುಟಿಗೆ ಸಿಕ್ಕಿತ್ತು. ತನ್ನನ್ನು ಶಿಷ್ಯೆಯಾಗಿ ಸ್ವೀಕರಿಸಬೇಕೆಂದು ವೈಜಯಂತಿ ಅಲ್ಲೇ ಕೈ ಮುಗಿದಳು.

“ಒಂದ ತಾಸು ಬಾಕಿ ಅದ,” ಎಂದರು ಉಸ್ತಾದರು.

ಇದೊಂದು ಮುಗಿಸಿಬಿಡುತ್ತೇನೆ ಎಂದು ಅವಳು ಅಂಟಿನ ಟ್ಯೂಬು ತೆಗೆದಳು.

ಮಧ್ಯಾಹ್ನದೊಳಗೆ ಕೀಲುಗಳಿಗೆಲ್ಲ ಅಂಟು ಬಿತ್ತು. ರಬ್ಬರಿನ ರೆಪ್ಪೆಗೂ ಬಿತ್ತು.

ಆ ರೆಪ್ಪೆ ಯಾತಕ್ಕಿತ್ತು ಎಂದು ಉಸ್ತಾದರು ವಿಚಾರಿಸಿದರು. ಯಂತ್ರ ನಿಂತುಹೋದರೆ ರೋಗಿ ಹೊರಗಿನ ಗಾಳಿ ಎಳೆದುಕೊಳ್ಳಲಿ ಎಂದು ಇಟ್ಟದ್ದು, ಆದರೆ ಎರಡೆರಡು ಬ್ಯಾಟರಿ ಇದೆ, ಯಂತ್ರ ನಿಲ್ಲುವ ಪ್ರಶ್ನೆಯೇ ಇಲ್ಲ ಎಂದು ಅವಳು ವಿವರಿಸಿದಳು.

“ಹೌದಾ. ಹಂಗಾರ ಮಾಸ್ಕು ಹಾಕ್ಕೋ. ಪಟ್ಟಿ ಬಿಗಿ ಮಾಡು.”

ಹಾಕಿಕೊಂಡಳು. ಗಾಳಿ ಸೊಗಸಾಗಿ ಬಂತು. ಹೋಯಿತು. ಬಂತು.

ಉಸ್ತಾದರು ಸ್ವಿಚ್ಚು ಆರಿಸಿದರು.

ವೈಜಯಂತಿ ಎಳೆದಳು. ಏನೂ ಬರಲಿಲ್ಲ. ಇನ್ನೂ ಜೋರಾಗಿ ಎಳೆದಳು, ಮಾಸ್ಕು ಮುಖವನ್ನೇ ಹೀರಿಕೊಂಡಿತು. ಪಟ್ಟಿ ಕೀಳಹೋದರೆ ಬರದು, ರೋಗಿಯ ಕೈಗೆ ಬಿಚ್ಚಲು ಸಿಗಬಾರದೆಂದು ಅವಳೇ ಮೂರು ತಿಂಗಳು ಕೂತು ಮಾಡಿದ ಕೊಂಡಿ ಅದು. ಕೊನೆಗೆ ತಲೆಯ ಮೇಲಿಂದ ಕೂದಲ ಸಮೇತ ಕಿತ್ತು ಬಿಸಾಕಿ, ನೆಲಕ್ಕೆ ಕೈಯೂರಿ ಏದುಸಿರು ಬಿಟ್ಟಳು.

ಉಸ್ತಾದರು ಅವಳನ್ನೇ ನೋಡುತ್ತಿದ್ದರು.

“ಸೋರತದೇನು?”

“ಇಲ್ಲ.”

“ಒಂದೀಟೂ?”

“ಇಲ್ಲ.”

“ಶಾಬಾಶ್. ಗುರುವಾರ ಪಾಸಾಗ್ತಿ.”

ವೈಜಯಂತಿ ಬ್ಲೇಡು ತೆಗೆದು ರೆಪ್ಪೆಯ ಅಂಟು ಕೆರೆಯತೊಡಗಿದಳು.

ಉಸ್ತಾದರು ಹಾರ್ಮೋನಿಯಂ ತಿರುಗಿಸಿ ತಿದಿಯ ಒಳಮೈ ತೋರಿಸಿದರು. ಸಾಲು ತೂತು, ತೂತುಗಳ ಮೇಲೆ ಮೆತ್ತನೆಯ ತೊಗಲಿನ ತುಂಡು. ತಿದಿ ಒತ್ತಿದರೆ ತೊಗಲು ತೂತಿಗೆ ಅಂಟಿಕೊಳ್ಳುತ್ತಿತ್ತು. ಬಿಟ್ಟರೆ ತಾನಾಗಿ ಎದ್ದು ಗಾಳಿಗೆ ದಾರಿ ಕೊಡುತ್ತಿತ್ತು.

“ನಿಂದು ಬಾಳ ಬಿರುಸು, ಅದಕ್ಕ ಸೋರತದ,” ಎಂದರು. ರಬ್ಬರಿಗೆ ಹೇಳಿದರೋ ಅವಳಿಗೋ ತಿಳಿಯಲಿಲ್ಲ.

ಅವಳು ಚೀಲ ತಡಕಿ ತೆಳ್ಳನೆಯ ಸಿಲಿಕೋನ್ ಹಾಳೆ ಹುಡುಕಿದಳು. ತೊಗಲಿನ ಹಾಗೆಯೇ ಕತ್ತರಿಸಿ ರಬ್ಬರಿನ ರೆಪ್ಪೆಯ ಜಾಗದಲ್ಲಿ ಕೂರಿಸಿದಳು. ಯಂತ್ರ ಓಡಿಸಿ ಈ ಸಲ ತಾನೇ ತುಟಿ ಒದ್ದೆ ಮಾಡಿಕೊಂಡು ನೋಡಿದಳು. ಎಲ್ಲೂ ಸೋರಲಿಲ್ಲ. ಮಾಸ್ಕು ಹಾಕಿಕೊಂಡು ತನ್ನ ಕೈಯಿಂದಲೇ ಸ್ವಿಚ್ಚು ಆರಿಸಿದಳು. ಹೊಳೆಯ ವಾಸನೆ, ಉಸ್ತಾದರ ಬೀಡಿಯ ವಾಸನೆ, ಎರಡೂ ಗಾಳಿಯ ಜೊತೆ ಒಳಗೆ ಬಂದವು.

ಗಂಟೆ ಐದಾಗಿತ್ತು. ಕೊನೆಯ ಬಸ್ಸು ಐದೂವರೆಗೆ. ಅವಳು ಚೀಲ ಹೆಗಲಿಗೇರಿಸಿ, ಉಸ್ತಾದರ ಕಾಲು ಮುಟ್ಟಿ, ಒಂದು ಹೆಜ್ಜೆ ರಸ್ತೆಯ ಕಡೆಗೂ ಇಟ್ಟಳು.

ಉಸ್ತಾದರು ಹಾರ್ಮೋನಿಯಂ ಅವಳತ್ತ ಸರಿಸಿದರು.

ವೈಜಯಂತಿ ಚೀಲ ಇಳಿಸಿ ಕೂತಳು. ತಿದಿ ಒತ್ತಿದಳು. ಒಂದು ಕಣ್ಣು ಗಡಿಯಾರದ ಮೇಲೆ, ಒಂದು ಕಿವಿ ರಸ್ತೆಯ ಮೇಲೆ. ಸ್ವರ ಕುಂಟಿತು, ಏರಿತು, ಬಿದ್ದಿತು. ಉಸ್ತಾದರು ಸ್ವರದ ಹಿತ್ತಾಳೆ ನಾಲಿಗೆ ಉಜ್ಜುವ ಅರ ಹಿಡಿದು ಕಾದರು.

ಹಾರ್ನು ಕೇಳಿಸಿತು. ಅವಳು ಅರ್ಧ ಎದ್ದಳು. ಉಸ್ತಾದರ ಎರಡೂ ಕೈ ಪೇಟಿಯೊಳಗಿದ್ದವು. ಮತ್ತೆ ಕೂತಳು.

ಬಸ್ಸಿನ ಧೂಳು ಎದ್ದು, ಬೇವಿನ ಮರದವರೆಗೂ ಬಂದು, ಅಡಗಿತು. ಮುಂದಿನ ಬಸ್ಸು ಬೆಳಿಗ್ಗೆ ಆರಕ್ಕೆ. ಅವಳ ಕೈ ತಾನಾಗಿ ನಿಧಾನವಾಯಿತು. ಸ್ವರ ಅಲುಗದೆ ನಿಂತಿತು, ಉದ್ದಕ್ಕೆ, ಒಂದೇ ಸಮನೆ.

ಉಸ್ತಾದರು ಅರ ಆಡಿಸಿದರು. ತಲೆ ಎತ್ತಲಿಲ್ಲ.

“ಬಸ್ಸು ಹೋತಲ್ಲ ತಂಗಿ? ನಿನ್ನ ತಾಸು ಈಗ ಶುರು.”